ಮುಂದಿನ ಹಲ್ಲು, ಹಿಂದಿನ ಹಲ್ಲು: ಸಣ್ಣ ಸೈಕಲ್ಲಿನ ವೇಗದ ಲೆಕ್ಕ



ಇವತ್ತು ನಾನು ನಿಮ್ಮೊಂದಿಗೆ ಮಾತಾಡಬೇಕೆಂದಿರುವುದು ಸೈಕಲ್ಲಿನ ಹಲ್ಲುಚಕ್ರಗಳ ಬಗ್ಗೆ. ಇದೇನು ರೇಡಿಯೋದಲ್ಲಿ ಹೇಳುವಂಥ ವಿಷಯವೇ ಎಂದು ಹಿರಿಯರು ನಗಬಹುದು. ಆದರೆ ನಿಮ್ಮ ಮನೆಯಲ್ಲಿ ಹತ್ತು ಹನ್ನೆರಡು ವರ್ಷದ ಹುಡುಗನೋ ಹುಡುಗಿಯೋ ಇದ್ದರೆ, ಆ ಮಗುವಿನ ಹತ್ತಿರ ಒಂದು 20 ಇಂಚಿನ ಸೈಕಲ್ ಇದ್ದರೆ, ಈ ಪ್ರಶ್ನೆ ನಿಮ್ಮ ಅಂಗಳಕ್ಕೆ ಆಗಲೇ ಬಂದಿರುತ್ತದೆ. "ನನ್ನ ಸೈಕಲ್ ಇನ್ನೂ ಜೋರಾಗಿ ಓಡಬೇಕು, ಮುಂದಿನ ಚಕ್ರ ದೊಡ್ಡದು ಹಾಕಿಸಿಕೊಡಿ" ಎಂಬ ಹಟ ಶುರುವಾಗಿರುತ್ತದೆ. ನಾನು ಇಂಜಿನಿಯರನಲ್ಲ. ಮೆಟ್ರಿಕ್ ಪಾಸಾಗಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಕ್ಕ ಬರೆದು ನಿವೃತ್ತನಾದವನು. ಆದರೆ ಈ ವಿಷಯಕ್ಕೆ ಬೇಕಾದದ್ದು ಭಾಗಾಕಾರ, ಗುಣಾಕಾರ ಎರಡೇ. ಅವೆರಡೂ ನನಗೆ ಬರುತ್ತವೆ, ನಿಮ್ಮ ಮನೆಯ ಆರನೆಯ ತರಗತಿಯ ಮಗುವಿಗೂ ಬರುತ್ತವೆ.

ಮೊದಲು ಹೆಸರಿನ ಮಾತು. ನಮ್ಮ ಅಕ್ಕಲಕೋಟ, ಜತ್ತ ಕಡೆಯ ಹಳ್ಳಿಗಳಲ್ಲಿ ಸಣ್ಣ ಗಾಲಿ, ದಪ್ಪ ಟೈರು, ಎತ್ತರದ ಹ್ಯಾಂಡಲ್ ಇದ್ದು ಹಿಂದೆ ಕ್ಯಾರಿಯರ್ ಇಲ್ಲದ ಯಾವುದೇ ಸೈಕಲ್ಲಿಗೂ ಹುಡುಗರು ಬಿಎಂಎಕ್ಸ್ ಎನ್ನುತ್ತಾರೆ. ಬಿ ಅಂದರೆ ಬೈಸಿಕಲ್, ಎಂ ಅಂದರೆ ಮೋಟೋ, ಎಕ್ಸ್ ಎಂಬ ಅಡ್ಡಗೆರೆಯ ಅಕ್ಷರ ಕ್ರಾಸ್ ಎಂಬ ಶಬ್ದಕ್ಕೆ ಬದಲಾಗಿ ಕುಳಿತಿದೆ. ಬೈಸಿಕಲ್ ಮೋಟೋಕ್ರಾಸ್. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 1970ರ ಆಸುಪಾಸಿನಲ್ಲಿ, ದೊಡ್ಡವರು ಮೋಟಾರ್ ಸೈಕಲ್ಲುಗಳನ್ನು ಮಣ್ಣುದಿಬ್ಬಗಳ ಮೇಲೆ ಹಾರಿಸುವುದನ್ನು ನೋಡಿದ ಹುಡುಗರು ತಮ್ಮ ಸೈಕಲ್ಲುಗಳಲ್ಲಿ ಅದನ್ನೇ ಆಡತೊಡಗಿದರು. ಅವರಿಗೆ ಒದಗಿದ್ದು ಶ್ವಿನ್ ಕಂಪನಿಯವರು 1963ರಲ್ಲಿ ಹೊರಡಿಸಿದ್ದ ಸ್ಟಿಂಗ್-ರೇ ಎಂಬ 20 ಇಂಚು ಗಾಲಿಯ ಸೈಕಲ್. 1971ರಲ್ಲಿ ಬಂದ ಒಂದು ಮೋಟಾರ್ ಸೈಕಲ್ ಸಾಕ್ಷ್ಯಚಿತ್ರದ ಆರಂಭದಲ್ಲಿ ಈ ಹುಡುಗರ ಆಟವನ್ನು ತೋರಿಸಿದರು, ಅದು ದೇಶವೆಲ್ಲ ಹಬ್ಬಿತು. ಓಣಿ ಹುಡುಗರ ಈ ಆಟ 2008ರಲ್ಲಿ ಬೀಜಿಂಗಿನ ಒಲಿಂಪಿಕ್ಸಿಗೆ ಹೋಯಿತು. ಅಲ್ಲಿ ಗಂಡಸರಲ್ಲಿ ಲಾಟ್ವಿಯಾ ದೇಶದ ಮಾರಿಸ್ ಶ್ಟ್ರೊಂಬರ್ಗ್ಸ್, ಹೆಂಗಸರಲ್ಲಿ ಫ್ರಾನ್ಸಿನ ಆನ್-ಕ್ಯಾರೊಲಿನ್ ಶೊಸೊಂ ಮೊದಲ ಚಿನ್ನ ಗೆದ್ದರು. ಅವರು ಗೆದ್ದದ್ದೂ ಇದೇ 20 ಇಂಚಿನ ಗಾಲಿಯ ಮೇಲೆ, ಒಂದೇ ಗೇರಿನ ಸೈಕಲ್ಲಿನಲ್ಲಿ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ಸೈಕಲ್ಲನ್ನು ಅಂಗಳಕ್ಕೆ ತಂದು ತಲೆಕೆಳಗೆ ನಿಲ್ಲಿಸಿ. ಪೆಡಲ್ ಹತ್ತಿರ ಇರುವುದು ದೊಡ್ಡ ಹಲ್ಲುಚಕ್ರ, ಅದಕ್ಕೆ ಚೈನ್‌ವೀಲ್ ಎನ್ನುತ್ತಾರೆ. ಹಿಂದಿನ ಗಾಲಿಯ ನಡುವೆ ಇರುವುದು ಸಣ್ಣದು, ಫ್ರೀವೀಲ್. ನಾವು ಹಲ್ಲು ಅಂದರೆ ಸೋಲಾಪುರ ಕಡೆಯ ಮೆಕ್ಯಾನಿಕ್ ದಾತೆ ಎನ್ನುತ್ತಾನೆ, ಶಾಲೆಯ ಮರಾಠಿ ಪುಸ್ತಕ ದಾತೇರಿ ಚಕ್ರ ಎನ್ನುತ್ತದೆ. ಹೆಸರು ಯಾವುದಾದರೂ ಇರಲಿ, ಎಣಿಕೆ ಒಂದೇ. ಒಂದು ಹಲ್ಲಿಗೆ ಸುಣ್ಣದ ಬೊಟ್ಟಿಟ್ಟು, ಅಲ್ಲಿಂದ ಎಣಿಸುತ್ತಾ ಸುತ್ತಿ ಅದೇ ಬೊಟ್ಟಿಗೆ ಬನ್ನಿ. ಬೊಟ್ಟಿಲ್ಲದೆ ಎಣಿಸಿದರೆ ಎರಡು ಸಲಕ್ಕೆ ಎರಡು ಸಂಖ್ಯೆ ಬರುತ್ತದೆ. ನಮ್ಮ ಓಣಿಯಲ್ಲಿ ನಾನು ಎಣಿಸಿದ ಒಂದು ಮಕ್ಕಳ ಸೈಕಲ್ಲಿನಲ್ಲಿ ಮುಂದೆ 36, ಹಿಂದೆ 18 ಇದ್ದವು. 36ನ್ನು 18ರಿಂದ ಭಾಗಿಸಿದರೆ 2. ಅಂದರೆ ಪೆಡಲ್ ಒಂದು ಸುತ್ತು ತಿರುಗಿದರೆ ಹಿಂದಿನ ಗಾಲಿ ಎರಡು ಸುತ್ತು ತಿರುಗುತ್ತದೆ. ಇದಕ್ಕೇ ಗೇರ್ ಅನುಪಾತ ಎಂದು ಹೆಸರು. ಹಿಟ್ಟಿನ ಗಿರಣಿಯಲ್ಲಿ ಇಂಜಿನ್ನಿನ ಗಾಲಿಗೂ ಕಲ್ಲಿನ ಗಾಲಿಗೂ ಪಟ್ಟಿ ಹಾಕಿರುತ್ತಾರಲ್ಲ, ಅಲ್ಲಿಯೂ ಇದೇ ಲೆಕ್ಕ. ಪಟ್ಟಿಯ ಬದಲು ಇಲ್ಲಿ ಚೈನು, ಅಷ್ಟೇ.

ಇನ್ನು ಗಾಲಿಯ ಅಳತೆ. ಟೈರಿನ ಮೇಲೆ ಬರೆದ 20 ಇಂಚನ್ನು ನಂಬಿ ಕೂಡುವುದಕ್ಕಿಂತ ನೆಲದ ಮೇಲೆ ಅಳೆಯುವುದೇ ಮೇಲು. ಗಾಳಿಯ ವಾಲ್ವನ್ನು ಸರಿಯಾಗಿ ಕೆಳಗೆ ತಂದು ನೆಲದ ಮೇಲೆ ಗೆರೆ ಎಳೆಯಿರಿ. ಮಗುವನ್ನು ಸೀಟಿನ ಮೇಲೆ ಕೂಡಿಸಿ, ವಾಲ್ವ್ ಮತ್ತೆ ಕೆಳಗೆ ಬರುವ ತನಕ ಸೈಕಲ್ಲನ್ನು ನೇರವಾಗಿ ತಳ್ಳಿ, ಇನ್ನೊಂದು ಗೆರೆ ಎಳೆಯಿರಿ. ಎರಡು ಗೆರೆಗಳ ನಡುವಿನ ಅಂತರ ನಾನು ಅಳೆದಾಗ 1.55 ಮೀಟರ್ ಬಂತು, ಅಂದರೆ ಸುಮಾರು ಐದು ಅಡಿ ಒಂದು ಇಂಚು. ಟೈರಿನ ದಪ್ಪ, ಗಾಳಿಯ ಪ್ರಮಾಣ ಬೇರೆಯಾದರೆ ಒಂದೆರಡು ಇಂಚು ಹೆಚ್ಚುಕಡಿಮೆ ಆಗುತ್ತದೆ.

ಈಗ ಗುಣಾಕಾರ. ಅನುಪಾತ 2, ಗಾಲಿ 1.55 ಮೀಟರ್. ಒಂದು ಪೆಡಲ್ ಸುತ್ತಿಗೆ ಸೈಕಲ್ 3.10 ಮೀಟರ್ ಹೋಯಿತು. ಮಗು ನಿಮಿಷಕ್ಕೆ 60 ಸುತ್ತು ತುಳಿದರೆ 186 ಮೀಟರ್, ಗಂಟೆಗೆ ಹನ್ನೊಂದು ಕಿಲೋಮೀಟರಿಗಿಂತ ತುಸು ಹೆಚ್ಚು. ಹಿಂದಿನ 18 ತೆಗೆದು 16 ಹಾಕಿದರೆ ಅನುಪಾತ 2.25, ಒಂದು ಸುತ್ತಿಗೆ ಸುಮಾರು 3.49 ಮೀಟರ್, ಗಂಟೆಗೆ ಹನ್ನೆರಡೂವರೆ ಕಿಲೋಮೀಟರ್. ಮುಂದಿನದನ್ನೂ 44 ಮಾಡಿದರೆ ಅನುಪಾತ 2.75, ಒಂದು ಸುತ್ತಿಗೆ ಸುಮಾರು 4.26 ಮೀಟರ್, ಗಂಟೆಗೆ ಹದಿನೈದಕ್ಕೂ ಮಿಕ್ಕಿತು.

ಅಜ್ಜನ ಹಳೆಯ ಕರಿ ಸೈಕಲ್ಲಿನ ಲೆಕ್ಕವನ್ನೂ ಪಕ್ಕದಲ್ಲಿ ಬರೆದುಕೊಳ್ಳೋಣ. ನಮ್ಮ ಮನೆಯದರಲ್ಲಿ ಮುಂದೆ 48, ಹಿಂದೆ 18. ಅನುಪಾತ 2.67 ಮಾತ್ರ, ಅಂದರೆ 44ಕ್ಕೆ 16 ಇರುವ ಸಣ್ಣ ಸೈಕಲ್ಲಿಗಿಂತ ಕಡಿಮೆಯೇ. ಆದರೆ ಅದರ ಗಾಲಿ 28 ಇಂಚು, ಒಂದು ಸುತ್ತಿಗೆ 2.2 ಮೀಟರ್. ಪೆಡಲ್ ಸುತ್ತಿಗೆ 5.87 ಮೀಟರ್, ಅದೇ 60 ಸುತ್ತಿಗೆ ಗಂಟೆಗೆ 21 ಕಿಲೋಮೀಟರ್. ಮೊಮ್ಮಗ ಕಾಲು ಗಿರಗಿರ ತಿರುಗಿಸಿದರೂ ಹಾಲಿನ ಕ್ಯಾನು ಕಟ್ಟಿಕೊಂಡ ಮುದುಕ ಸಾವಕಾಶವಾಗಿ ತುಳಿಯುತ್ತಾ ಅವನನ್ನು ದಾಟಿ ಹೋಗುವುದು ಇದಕ್ಕಾಗಿ. ಗಾಲಿಯ ಗಾತ್ರವನ್ನೂ ಅನುಪಾತವನ್ನೂ ಕೂಡಿಸಿಯೇ ನೋಡಬೇಕು. ಇಂಗ್ಲೆಂಡಿನವರು ಇದಕ್ಕೆ ಗೇರ್ ಇಂಚು ಎಂಬ ಅಳತೆ ಇಟ್ಟುಕೊಂಡಿದ್ದಾರೆ. ಹಿಂದೆ ಮುಂಗಾಲಿ ಆಳೆತ್ತರ ಇದ್ದ, ಪೆಡಲ್ ಆ ಗಾಲಿಗೇ ಜೋಡಿಸಿದ್ದ ಸೈಕಲ್ಲುಗಳಿದ್ದವು. ನೀವು ಚಿತ್ರದಲ್ಲಿ ನೋಡಿರಬಹುದು. ಅದರಲ್ಲಿ ಗಾಲಿ ಎಷ್ಟು ಇಂಚೋ ಅಷ್ಟೇ ಗೇರ್. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎಂಬಾತ ಹಿಂದಿನ ಗಾಲಿಗೆ ಚೈನು ಹಾಕಿದ ರೋವರ್ ಸೈಕಲ್ ತಂದ ಮೇಲೆ ಎತ್ತರದ ಗಾಲಿಯ ಅಗತ್ಯ ಹೋಯಿತು, ಅಳತೆ ಮಾತ್ರ ಉಳಿಯಿತು. ಗಾಲಿಯ ಇಂಚನ್ನು ಅನುಪಾತದಿಂದ ಗುಣಿಸಿದರೆ ಆಯಿತು. 20 ಇಂಚಿನ ಗಾಲಿ, 2.75 ಅನುಪಾತ, 55 ಗೇರ್ ಇಂಚು. ಕರಿ ಸೈಕಲ್ಲಿನದು ಸುಮಾರು 75.

ಹಾಗಾದರೆ ಸಣ್ಣ ಸೈಕಲ್ಲಿಗೂ 75 ಗೇರ್ ಇಂಚು ಬರುವಂತೆ ಮಾಡಿಬಿಡೋಣ ಎನ್ನುತ್ತೀರಿ. ಮುಂದೆ 60 ಹಲ್ಲು, ಹಿಂದೆ 16 ಹಾಕಿದರೆ ಬಂದೇ ಬಂತು. ಹುಡುಗರೂ ಇದನ್ನೇ ಕೇಳುತ್ತಾರೆ. ಇಲ್ಲಿ ನನ್ನ ಬ್ಯಾಂಕಿನ ಬುದ್ಧಿ ಎಚ್ಚರಾಗುತ್ತದೆ. ಜಮೆಯ ಕಡೆ ವೇಗ ಬಂದಿದ್ದರೆ ಖರ್ಚಿನ ಕಡೆ ಏನೋ ಹೋಗಿರಲೇಬೇಕು. ಹೋದದ್ದು ಬಲ.

ಅದನ್ನೂ ಲೆಕ್ಕ ಹಾಕಿ ನೋಡೋಣ. ಮಕ್ಕಳ ಸೈಕಲ್ಲಿನ ಕ್ರ್ಯಾಂಕು, ಅಂದರೆ ಪೆಡಲ್ ಹಿಡಿದ ತೋಳು, 14 ಸೆಂಟಿಮೀಟರ್ ಎಂದು ಇಟ್ಟುಕೊಳ್ಳಿ. ಅದು ನೆಲಕ್ಕೆ ಸಮನಾಗಿ ಮಲಗಿದಾಗ ಮಗು ಅದರ ಮೇಲೆ 20 ಕಿಲೋ ಭಾರ ಊರಿತು. ಅನುಪಾತ 2 ಇದ್ದಾಗ ಹಿಂದಿನ ಟೈರು ನೆಲವನ್ನು ತಳ್ಳುವ ಬಲ ಸುಮಾರು ಐದೂ ಮುಕ್ಕಾಲು ಕಿಲೋ. ಅನುಪಾತ 2.75 ಆದರೆ ನಾಲ್ಕು ಕಿಲೋ ಚಿಲ್ಲರೆ. 3.75 ಆದರೆ ಮೂರೇ ಕಿಲೋ. ಈಗ ಕೆರೆಯ ಏರಿಯ ಹಾಗೆ ಹತ್ತಕ್ಕೆ ಒಂದರಂತೆ ಏರುವ ದಾರಿ ಬಂತು ಎನ್ನಿ. ಮಗು, ಸೈಕಲ್, ಪಾಟಿಚೀಲ ಎಲ್ಲ ಸೇರಿ 45 ಕಿಲೋ ಇದ್ದರೆ ಬರೀ ಏರಲು ನಾಲ್ಕೂವರೆ ಕಿಲೋ ಬಲ ಬೇಕು. ಅನುಪಾತ 2ರ ಸೈಕಲ್ ಏರುತ್ತದೆ. 2.75ರದ್ದು ಏರಬೇಕಾದರೆ ಮಗು ಎದ್ದು ನಿಂತು ಮೈಭಾರವನ್ನೆಲ್ಲ ಪೆಡಲ್ ಮೇಲೆ ಹಾಕಬೇಕು. 3.75ರದ್ದನ್ನು ಕೈಯಲ್ಲಿ ತಳ್ಳಿಕೊಂಡು ಹೋಗಬೇಕು. ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ ಎನ್ನುತ್ತಾರಲ್ಲ, ಹಾಗೆ ಕಾಲಿಗೆ ತಕ್ಕ ಹಲ್ಲು.

ಆದ್ದರಿಂದ "ಜೋರಾಗಿ" ಎಂದರೆ ಏನು ಎಂಬುದನ್ನು ಮೊದಲು ಹುಡುಗನಿಂದ ಕೇಳಿ ತಿಳಿಯಬೇಕು. ನಿಂತಲ್ಲಿಂದ ಬಾಣದಂತೆ ಹೊರಡುವುದು ಒಂದು ಜೋರು. ಸಪಾಟು ರಸ್ತೆಯಲ್ಲಿ ಕೊನೆಗೆ ಮುಟ್ಟುವ ವೇಗ ಇನ್ನೊಂದು ಜೋರು. ಒಂದೇ ಗೇರಿನ ಸೈಕಲ್ಲಿನಲ್ಲಿ ಎರಡನ್ನೂ ಪೂರ್ತಿ ಪಡೆಯಲು ಆಗುವುದಿಲ್ಲ. ಶಾಲೆಯ ಮೈದಾನದಲ್ಲಿ ಆಗಸ್ಟ್ 15ಕ್ಕೆ ನೂರು ಮೀಟರ್ ಪಂದ್ಯ ಇಟ್ಟರೆ, ಹೊರಡುವುದರಲ್ಲೇ ಅರ್ಧ ಪಂದ್ಯ ಮುಗಿದಿರುತ್ತದೆ. ಅಲ್ಲಿ ಹಗುರ ಗೇರಿನವನು ಗೆಲ್ಲುವುದೇ ಹೆಚ್ಚು. ಒಂದು ಕಿಲೋಮೀಟರ್ ಡಾಂಬರು ರಸ್ತೆಯಲ್ಲಿ ಅವನೇ ಹಿಂದೆ ಬೀಳುತ್ತಾನೆ.

ಆಗ ನೆನಪಿಡಿ ಎಂದಿದ್ದೆನಲ್ಲ, ಒಲಿಂಪಿಕ್ಸಿನವರ ಮಾತು. ಅವರ ಓಟದ ದಾರಿ 300ರಿಂದ 400 ಮೀಟರ್ ಅಷ್ಟೇ, ಮುಗಿಯುವುದು ಮುಕ್ಕಾಲು ನಿಮಿಷದೊಳಗೆ. ಎಂಟು ಮೀಟರ್ ಎತ್ತರದ ಇಳಿಜಾರಿನ ಮೇಲಿಂದ, ಗೇಟು ಬಿದ್ದೊಡನೆ ಹೊರಡಬೇಕು. ಬಹಳ ಕಾಲದಿಂದ ರೇಸಿನವರು ಹಿಡಿದುಕೊಂಡು ಬಂದ ಜೋಡಿ 44 ಮತ್ತು 16. ದಾರಿಯನ್ನೂ ಕಾಲಿನ ಶಕ್ತಿಯನ್ನೂ ನೋಡಿ ಅವರು ಇದರಿಂದ ಒಂದೆರಡು ಹಲ್ಲು ಆಚೆ ಈಚೆ ಸರಿಯುತ್ತಾರೆ, ಅಷ್ಟೇ. ಅವರ ವೇಗ ಬರುವುದು ದೊಡ್ಡ ಚಕ್ರದಿಂದಲ್ಲ, ಕಾಲು ತಿರುಗುವ ರಭಸದಿಂದ. 44ಕ್ಕೆ 16ರಲ್ಲಿ ನಿಮಿಷಕ್ಕೆ 150 ಸುತ್ತು ತುಳಿದರೆ ಗಂಟೆಗೆ 38 ಕಿಲೋಮೀಟರ್ ಆಯಿತು. ಪಳಗಿದ ಗಟ್ಟಿ ಕಾಲಿನವರಿಗೇ ಇದು ಸಾಕಾಗುವಾಗ ನಮ್ಮ ಹತ್ತು ವರ್ಷದ ಪೋರನಿಗೆ 60 ಹಲ್ಲಿನದು ಯಾಕೆ ಬೇಕು?

ನಿಮ್ಮ ಮಗುವಿಗೆ ಯಾವುದು ಸರಿ ಎಂಬುದನ್ನು ಗಡಿಯಾರದಿಂದ ತೀರ್ಮಾನಿಸಿ, ಅಂಗಡಿಯವನ ಮಾತಿನಿಂದ ಬೇಡ. ಸಪಾಟು ದಾರಿಯಲ್ಲಿ ಮಗು ಪೂರ್ತಿ ಜೋರಿನಲ್ಲಿ ಹೋಗುವಾಗ ಒಂದು ಕಾಲು ಎಷ್ಟು ಸಲ ಕೆಳಗೆ ಬಂತು ಎಂದು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. 120 ದಾಟಿ, ಮಗು ಸೀಟಿನ ಮೇಲೆ ಕುಪ್ಪಳಿಸುತ್ತಿದ್ದರೆ ಗೇರು ಹಗುರವಾಯಿತು, ಒಂದೆರಡು ಹಲ್ಲು ಬದಲಿಸಬಹುದು. ಎಂಬತ್ತನ್ನೂ ಮುಟ್ಟದೆ ಹ್ಯಾಂಡಲ್ ಎಳೆದಾಡುತ್ತಾ ತುಳಿಯುತ್ತಿದ್ದರೆ ಗೇರು ಆಗಲೇ ಭಾರವಾಗಿದೆ, ಇನ್ನಷ್ಟು ಹೆಚ್ಚಿಸಿದರೆ ಸೈಕಲ್ ನಿಧಾನವಾಗುತ್ತದೆ, ಮೊಣಕಾಲು ನೋಯುತ್ತದೆ. ನೂರು ಮೀಟರ್ ಅಳೆದು, ನಿಂತಲ್ಲಿಂದ ಹೊರಡಿಸಿ, ಮೂರು ಸಲ ಸಮಯ ಹಿಡಿದು ಬರೆದಿಡಿ. ಹಲ್ಲು ಬದಲಿಸಿದ ಮೇಲೆ ಮತ್ತೆ ಮೂರು ಸಲ. ಹುಡುಗರಿಗೆ ಇದೊಂದು ಆಟವೂ ಹೌದು.

ಈಗ ಬದಲಿಸುವುದು ಎಲ್ಲಿ, ಮುಂದೆಯೋ ಹಿಂದೆಯೋ? ಹಿಂದಿನ ಒಂದು ಹಲ್ಲಿಗೆ ಬೆಲೆ ಹೆಚ್ಚು. 36ಕ್ಕೆ 18 ಇರುವಲ್ಲಿ ಹಿಂದೆ ಒಂದು ಹಲ್ಲು ಕಡಿಮೆ ಮಾಡುವುದೂ ಮುಂದೆ ಎರಡು ಹೆಚ್ಚಿಸುವುದೂ ಹೆಚ್ಚುಕಡಿಮೆ ಒಂದೇ. 44ಕ್ಕೆ 16ರಲ್ಲಿ ಹಿಂದಿನ ಒಂದು ಹಲ್ಲು ಮುಂದಿನ ಮೂರಕ್ಕೆ ಸಮ. ನಮ್ಮ ಸಾಮಾನ್ಯ ಮಕ್ಕಳ ಸೈಕಲ್ಲುಗಳಲ್ಲಿ ಮುಂದಿನ ಚಕ್ರ ಬಲಗಡೆಯ ಕ್ರ್ಯಾಂಕಿಗೇ ಕೂಡಿಕೊಂಡು ಬಂದಿರುತ್ತದೆ, ಬದಲಿಸಿದರೆ ಜೋಡಿಯನ್ನೇ ಬದಲಿಸಬೇಕು. ದೊಡ್ಡದು ಹಾಕಿದರೆ ಫ್ರೇಮಿನ ಹಿಂದಿನ ಕೊಳವೆಗೆ ತಿಕ್ಕಬಹುದು, ಚೈನ್ ಕವರು ಕೂಡುವುದಿಲ್ಲ. ಹಿಂದಿನ ಫ್ರೀವೀಲ್ ಮರೆಯ ಮೇಲೆ ಕೂತಿರುವ ಬಿಡಿ ಸಾಮಾನು; ಎರಡು ಕಚ್ಚುಗಳಿಗೆ ಕೂಡುವ ಕೀಲಿ ಇದ್ದರೆ ಬಿಚ್ಚಿ ಬರುತ್ತದೆ. ತುಳಿದಷ್ಟೂ ಅದು ಬಿಗಿಯಾಗುತ್ತಾ ಹೋಗಿರುವುದರಿಂದ ಬಿಚ್ಚಲು ತೋಳಿನ ಬಲ ಬೇಕು. ಮೆಕ್ಯಾನಿಕ್ ಮರಾಠಿಯವನಾಗಿದ್ದರೆ "ಮಾಗಚಂ ಫ್ರೀವೀಲ್ ಸೋಳಾ ದಾತಾಂಚಂ" ಎಂದು ಕೇಳಿದರೆ ಸಾಕು, ಆತ 16ರದ್ದನ್ನು ಕೈಗಿಡುತ್ತಾನೆ.

16ಕ್ಕಿಂತ ಕೆಳಗೆ ಹೋಗಬೇಕೆಂದರೆ ಒಂದು ತೊಡಕು ಇದೆ. ಸಾಮಾನ್ಯ ಹಬ್ಬಿನ ಮರೆಯ ಅಗಲ ಸುಮಾರು ಒಂದೂಕಾಲು ಇಂಚಿಗಿಂತ ಮಿಕ್ಕಿರುತ್ತದೆ. ಅದರ ಸುತ್ತ ಗುಂಡುಗಳು, ಕಚ್ಚುವ ನಾಲಿಗೆಗಳು ಎಲ್ಲ ಕೂಡಿದ ಮೇಲೆ 16 ಹಲ್ಲಿಗಿಂತ ಸಣ್ಣ ಚಕ್ರಕ್ಕೆ ಸಾಮಾನ್ಯವಾಗಿ ಜಾಗ ಉಳಿಯುವುದಿಲ್ಲ. 14, 13 ಹಲ್ಲಿನವು ಬರುತ್ತವೆ, ಆದರೆ ಅವಕ್ಕೆ 30 ಮಿಲಿಮೀಟರ್ ಮರೆಯ ಬೇರೆ ಹಬ್ಬೇ ಬೇಕು. ಇನ್ನೂ ಮುಂದೆ ಹೋಗಿ ಕಸರತ್ತಿನ ಬಿಎಂಎಕ್ಸ್‌ನವರು ಮುಂದೆ 25, ಹಿಂದೆ 9 ಹಲ್ಲು ಹಾಕುತ್ತಾರೆ. ಭಾಗಿಸಿ ನೋಡಿ, 2.78; ಅದೇ 44ಕ್ಕೆ 16ರ ಲೆಕ್ಕವೇ. ಅವರು ಸೈಕಲ್ಲನ್ನು ಕಟ್ಟೆಗಳ ಮೇಲೆ, ಕಬ್ಬಿಣದ ಸರಳುಗಳ ಮೇಲೆ ಜಾರಿಸುವವರು. ಮುಂದಿನ ಚಕ್ರ ಸಣ್ಣದಿದ್ದರೆ ತಗಲುವುದಿಲ್ಲ, ತೂಕವೂ ಕಡಿಮೆ. ವೇಗಕ್ಕಾಗಿ ಅಲ್ಲ. ಪತ್ರಿಕೆಯಲ್ಲೋ ಮೊಬೈಲಿನಲ್ಲೋ ಆ ಸಣ್ಣ ಚಕ್ರಗಳನ್ನು ನೋಡಿದ ಹುಡುಗ ಅದೇ ಬೇಕು ಎಂದರೆ ಹೀಗೆ ಹೇಳಿ: ಅದೇ 20 ಕಿಲೋ ತುಳಿತಕ್ಕೆ 44 ಹಲ್ಲಿನ ಚಕ್ರದಲ್ಲಿ ಚೈನಿನ ಮೇಲೆ ಬೀಳುವ ಸೆಳೆತ ಸುಮಾರು 31 ಕಿಲೋ, 25 ಹಲ್ಲಿನದರಲ್ಲಿ 55 ಕಿಲೋ. ಹಿಂದೆ ಆ ಸೆಳೆತವನ್ನು ಹೊರುವುದು ಒಂಬತ್ತೇ ಹಲ್ಲು, ಅದರಲ್ಲೂ ಚೈನು ಕಚ್ಚಿರುವವು ಅರ್ಧ. ನಮ್ಮ ಎರೆಮಣ್ಣಿನ ಧೂಳಿನಲ್ಲಿ ಅವು ಬೇಗ ಸವೆದು ಮೊನಚಾಗುತ್ತವೆ.

ಚೈನಿನ ಮಾತು ಬಂತು. ಚೈನಿನ ಒಂದು ಪಿನ್ನಿನಿಂದ ಇನ್ನೊಂದು ಪಿನ್ನಿಗೆ ಅರ್ಧ ಇಂಚು. ಎರಡೂ ಚಕ್ರಗಳ ಹಲ್ಲು ಕೂಡಿಸಿದ ಮೊತ್ತದಲ್ಲಿ ಒಂದು ಹಲ್ಲು ಕಡಿಮೆಯಾದರೆ, ಅದೇ ಚೈನು ಬಿಗಿಯಾಗಿರಲು ಹಿಂದಿನ ಗಾಲಿಯನ್ನು ಇಂಚಿನ ಎಂಟನೆಯ ಒಂದು ಭಾಗ ಹಿಂದಕ್ಕೆ ಸರಿಸಬೇಕು. 18ರ ಬದಲು 16 ಹಾಕಿದರೆ ಕಾಲು ಇಂಚು. ಆ ಜಾಗ ಫ್ರೇಮಿನ ಸೀಳಿನಲ್ಲಿ ಉಳಿದಿದೆಯೇ ಎಂದು ಅಂಗಡಿಗೆ ಹೋಗುವ ಮೊದಲೇ ನೋಡಿಕೊಳ್ಳಿ. ಉಳಿದಿಲ್ಲದಿದ್ದರೆ ಒಂದು ಇಂಚು ಚೈನು ಕಡಿಸಬೇಕು, ಆಗ ಗಾಲಿ ಕಾಲು ಇಂಚು ಮುಂದೆ ಬಂದು ಕೂಡುತ್ತದೆ. ಹಳೆಯ ಚೈನನ್ನು ಸ್ಕೇಲಿಟ್ಟು ಅಳೆಯಿರಿ. ಹೊಸ ಚೈನಿನಲ್ಲಿ 24 ಕೊಂಡಿಗೆ ಸರಿಯಾಗಿ 12 ಇಂಚು. ಅದು ಹನ್ನೆರಡರ ಮೇಲೆ ಇಂಚಿನ ಎಂಟನೆಯ ಭಾಗ ಬೆಳೆದಿದ್ದರೆ ಚೈನು ಮುಗಿಯಿತು, ಅದರೊಂದಿಗೆ ಹಲ್ಲುಗಳೂ ಸವೆದಿರುತ್ತವೆ. ಹೊಸ ಫ್ರೀವೀಲಿನ ಮೇಲೆ ಇಂಥ ಚೈನು ಹಾಕಬಾರದು. ಮಗು ಎದ್ದು ನಿಂತು ತುಳಿಯುವ ಹೊತ್ತಿನಲ್ಲೇ ಹಲ್ಲಿನಿಂದ ಹಾರುತ್ತದೆ, ಕಾಲು ಜಾರಿ ಮಗು ನಡುವಿನ ಕೊಳವೆಯ ಮೇಲೆ ಬೀಳುತ್ತದೆ.

ನಮ್ಮ ಓಣಿಯ ಒಬ್ಬ ಹುಡುಗಿಯ ಸಂಗತಿ ಹೇಳುತ್ತೇನೆ. ಊರಿನಲ್ಲಿ ಏಳನೆಯ ತರಗತಿಯ ತನಕ ಕನ್ನಡ ಶಾಲೆ. ಮುಂದೆ ಓದಬೇಕೆಂದರೆ ಮರಾಠಿ ಹೈಸ್ಕೂಲ್ ಊರಲ್ಲೇ ಇದೆ, ಕನ್ನಡದ್ದು ಆರು ಕಿಲೋಮೀಟರ್ ದೂರ. ಗಡಿಯ ಕಡೆಯವರಾದ ನಿಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಬಸ್ಸಿನ ಹೊತ್ತು ಶಾಲೆಯ ಹೊತ್ತಿಗೆ ಕೂಡುವುದಿಲ್ಲ. ಅಣ್ಣ ಬಿಟ್ಟ 20 ಇಂಚಿನ ಸೈಕಲ್ ಇತ್ತು, ಆ 36ಕ್ಕೆ 18ರದ್ದೇ. ಜೂನ್ ತಿಂಗಳಲ್ಲಿ ಎರಡು ವಾರ ಹೋದಳು, ಹೋಗಲು 34 ನಿಮಿಷ, ಬರಲು ಇನ್ನೂ ಹೆಚ್ಚು. ದಣಿದು ಬಂದು ಉಣ್ಣದೆ ಮಲಗುತ್ತಾಳೆ, ಇಲ್ಲೇ ಮರಾಠಿ ಶಾಲೆಗೆ ಹಾಕುವುದೇ ವಾಸಿ ಎಂದು ಮನೆಯಲ್ಲಿ ಮಾತು ನಡೆದಿತ್ತು. ದೊಡ್ಡ ಸೈಕಲ್ ಕೊಳ್ಳುವ ಅನುಕೂಲ ಆ ವರ್ಷ ಇರಲಿಲ್ಲ. ಅಣ್ಣನಿಗೆ ಮುಂದೆ 44 ಹಾಕಿಸುವ ಉಮೇದು. ನನ್ನನ್ನು ಲೆಕ್ಕ ಕೇಳಿದರು.

ನಾನು ಮೊದಲು ನೋಡಿದ್ದು ಹಲ್ಲನ್ನಲ್ಲ. ಸೀಟು ಅಣ್ಣನ ಎಂಟನೆಯ ವಯಸ್ಸಿನಲ್ಲಿ ಇದ್ದಲ್ಲೇ ಇತ್ತು, ತುಳಿಯುವಾಗ ಮೊಣಕಾಲು ಹೊಟ್ಟೆಗೆ ತಾಗುತ್ತಿತ್ತು. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟರೆ ಕಾಲು ನೇರವಾಗುವಷ್ಟು ಸೀಟು ಏರಿಸಿದೆವು. ಕೊಳವೆಯ ಮೇಲಿನ ಗುರುತು ದಾಟದ ಹಾಗೆ ನೋಡಿಕೊಂಡೆವು. ಟೈರನ್ನು ಹೆಬ್ಬೆರಳಿನಿಂದ ಒತ್ತಿದರೆ ಒಳಗೆ ಹೋಗುತ್ತಿತ್ತು, ಅದರ ಬದಿಯಲ್ಲಿ ಅಚ್ಚಾದ ಅಂಕಿಯಷ್ಟು ಗಾಳಿ ತುಂಬಿಸಿದೆವು. ಹಿಂದಿನ ಬ್ರೇಕಿನ ಗುಟ್ಟ ರಿಮ್ಮಿಗೆ ಸದಾ ಸವರುತ್ತಿತ್ತು. ಚೈನು ಒಣಗಿ ಕಿರುಗುಟ್ಟುತ್ತಿತ್ತು. ಇಷ್ಟಕ್ಕೆ ಹತ್ತು ಪೈಸೆ ಖರ್ಚಿಲ್ಲ, ಮನೆಯ ಎಣ್ಣೆ, ಅರ್ಧ ತಾಸಿನ ಕೆಲಸ. ನಾಲ್ಕು ನಿಮಿಷ ಅಲ್ಲೇ ಉಳಿಯಿತು. ಆಮೇಲೆ ಹಿಂದಿನದು 18 ತೆಗೆಸಿ 16 ಹಾಕಿಸಿದೆವು. ಕಾಗದದ ಲೆಕ್ಕದಂತೆ ಅದರಿಂದ ಮೂರು ನಿಮಿಷಕ್ಕಿಂತ ತುಸು ಹೆಚ್ಚು ಉಳಿಯಬೇಕು. ಹೋಗುವಾಗ ಉಳಿದದ್ದು ಎರಡು. ಬರುವಾಗ ಆಷಾಢದ ಪಡುವಣ ಗಾಳಿಗೆ ಎದುರಾಗಿ ತುಳಿಯಬೇಕು. ಅಲ್ಲಿ ಏನೂ ಉಳಿಯಲಿಲ್ಲ, ಕೆಲವು ದಿನ 18ರದ್ದೇ ಚೆನ್ನಾಗಿತ್ತು ಎಂದಳು. 44 ಹಾಕಿದ್ದರೆ ಆ ಗಾಳಿಯಲ್ಲಿ ಇಳಿದು ನಡೆಯಬೇಕಾಗುತ್ತಿತ್ತು. ಗಾಳಿ ಇಳಿದ ಮೇಲೆ, ದಸರೆಯ ಹೊತ್ತಿಗೆ, ಹೋಗಲು 27, ಬರಲು 28 ನಿಮಿಷಕ್ಕೆ ಬಂದು ನಿಂತಿತು. ಅದರಲ್ಲಿ ಅವಳ ಕಾಲು ಪಳಗಿದ್ದರ ಪಾಲು ಎಷ್ಟು, ಹಲ್ಲಿನ ಪಾಲು ಎಷ್ಟು ಎಂದು ಬೇರೆ ಬೇರೆ ಖಾತೆಗೆ ಬರೆಯಲು ಬರುವುದಿಲ್ಲ. ಅವಳು ಕನ್ನಡ ಹೈಸ್ಕೂಲಿನಲ್ಲೇ ಎಂಟನೆಯದು ಮುಗಿಸಿದಳು.

ಕೊನೆಗೆ ಬ್ರೇಕು. ಇದನ್ನು ಕೊನೆಗೆ ಹೇಳುತ್ತಿದ್ದೇನೆ, ಆದರೆ ಕೆಲಸ ಮಾಡಿಸುವಾಗ ಇದನ್ನೇ ಮೊದಲು ಮಾಡಿಸಿ. ವೇಗ ಹೆಚ್ಚಿದಂತೆ ನಿಲ್ಲಲು ಬೇಕಾಗುವ ದೂರ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ, ವೇಗದ ವರ್ಗದ ಪ್ರಮಾಣದಲ್ಲಿ ಹೆಚ್ಚುತ್ತದೆ. ಅನುಪಾತ 2ರಿಂದ 2.75ಕ್ಕೆ ಹೋಗಿ ಮಗು ಅದೇ ರಭಸದಲ್ಲಿ ತುಳಿದರೆ, ಬ್ರೇಕು ಹಿಡಿದ ಮೇಲೆ ಸೈಕಲ್ ಮುಂದೆ ಓಡುವ ದೂರ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಕಬ್ಬಿನ ಕಾಲದಲ್ಲಿ ನಮ್ಮ ರಸ್ತೆಗಳಲ್ಲಿ ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಿಂದಿನ ದೀಪವಿಲ್ಲದೆ ಹೋಗುವುದನ್ನು ನೀವೂ ನೋಡುತ್ತೀರಿ. ಗುಟ್ಟ ಸವೆದಿದ್ದರೆ ಹೊಸದು ಹಾಕಿಸಿ. ಬ್ರೇಕಿನ ತಂತಿ ಒಂದು ಎಳೆ ಹರಿದಿದ್ದರೂ ಬದಲಿಸಿ. ಮಗುವಿನ ಬೆರಳು ಹಿಡಿಕೆಯನ್ನು ಪೂರ್ತಿ ಮುಟ್ಟುತ್ತದೆಯೇ ನೋಡಿ, ದೊಡ್ಡವರ ಹಿಡಿಕೆ ಸಣ್ಣ ಕೈಗೆ ಎಟಕುವುದಿಲ್ಲ. ಹಿಂದೆ ಕೆಂಪು ಪಟ್ಟಿ ಅಂಟಿಸಿ.

ಫ್ರೀವೀಲ್ ಹಾಕಿಸಿ ತಂದ ದಿನ ಹಿಂದಿನ ಗಾಲಿಯ ಎರಡೂ ಕಡೆಯ ನಟ್ಟು ನೀವೇ ಪಾನಾ ಹಿಡಿದು ಬಿಗಿ ಮಾಡಿ. ಗಾಲಿ ನೇರ ಕೂತಿದೆಯೇ, ಎರಡು ಚಕ್ರಗಳೂ ಒಂದೇ ಗೆರೆಯಲ್ಲಿವೆಯೇ ಎಂದು ಹಿಂದಿನಿಂದ ಕುಳಿತು ನೋಡಿ. ಚೈನಿನ ನಡುವೆ ಬೆರಳಿಟ್ಟು ಎತ್ತಿದರೆ ಅರ್ಧ ಇಂಚು ಆಡಬೇಕು, ಹೆಚ್ಚು ಸಡಿಲ ಬೇಡ, ತೀರ ಬಿಗಿಯೂ ಬೇಡ. ಎರಡು ದಿನ ಓಡಿಸಿದ ಮೇಲೆ ಆ ನಟ್ಟುಗಳನ್ನು ಇನ್ನೊಮ್ಮೆ ನೋಡಿ. ಹೊಸ ಫ್ರೀವೀಲ್ ಮರೆಯಲ್ಲಿ ಇನ್ನಷ್ಟು ಒಳಗೆ ಕೂತು ಚೈನು ತುಸು ಸರಿದಿರುತ್ತದೆ, ಗಾಲಿಯನ್ನು ಮತ್ತೊಮ್ಮೆ ನೇರ ಮಾಡಬೇಕಾಗಬಹುದು.